ಹುಣಸೆ ಗೋಡೌನಿನ ಸಾಫ್ಟ್‌ವೇರ್‌ಗೆ ಪೇಟೆಂಟ್ ಸಿಗುತ್ತಾ?

ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುವವರು ನಮ್ಮ ತುಮಕೂರು ಗುಂಪಿನ ಪೇಟೆಂಟ್ ಏಜೆಂಟ್ ಮೇಡಂ.

ಪ್ರಶ್ನೆ (ಕೋಲ್ಡ್ ಸ್ಟೋರೇಜ್ ಮಾಲೀಕರು, ಅಂತರಸನಹಳ್ಳಿ):

ಮೇಡಂ, ನಮಸ್ಕಾರ. ಅಂತರಸನಹಳ್ಳಿ ಹತ್ತಿರ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ. ಮುಕ್ಕಾಲು ಪಾಲು ಹುಣಸೆಹಣ್ಣು, ಉಳಿದದ್ದು ಒಣಮೆಣಸಿನಕಾಯಿ. ಸುಗ್ಗಿಯಲ್ಲಿ ಮಾಲೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಹೊರಗಿಟ್ಟರೆ ಹಣ್ಣು ಕಪ್ಪಾಗುತ್ತದೆ, ಅದಕ್ಕೇ ವ್ಯಾಪಾರಿಗಳು ನಮ್ಮಲ್ಲಿ ಇಡುತ್ತಾರೆ. ರೇಟ್ ಬಂದಾಗ ಒಂದೊಂದೇ ಲಾಟ್ ಬಿಡಿಸಿಕೊಳ್ಳುತ್ತಾರೆ. ಯಾರ ಬಾಕ್ಸ್ ಯಾವ ಚೇಂಬರಿನ ಯಾವ ಮೂಲೆಯಲ್ಲಿದೆ ಎನ್ನುವುದು ಮೊದಲು ನಮ್ಮ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಇತ್ತು. ಅವರು ಮದುವೆಗೆ ಹೋದ ದಿನ ನಮಗೂ ರಜೆ.

ಈಗ ನಮ್ಮ ಅಕ್ಕನ ಮಗ, ಅವನ ಸ್ನೇಹಿತ ಸೇರಿ ಒಂದು ಸಾಫ್ಟ್‌ವೇರ್ ಮಾಡಿದ್ದಾರೆ. ಬಾಕ್ಸಿಗೆ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸಿದ್ದೇವೆ, ರೇಡಿಯೊ ಅಲೆಯಿಂದ ದೂರದಲ್ಲೇ ಓದಬಹುದಾದ ಗುರುತಿನ ಚೀಟಿ ಅದು. ಯಾವ ಲಾಟ್ ಎಲ್ಲಿದೆ, ಯಾವುದು ಮೊದಲು ಹೊರಗೆ ಹೋಗಬೇಕು, ಬಾಡಿಗೆ ಎಷ್ಟಾಯಿತು, ಯಾವ ಲಾಟಿನ ಮೇಲೆ ಸಾಲ ಇದೆ, ಎಲ್ಲ ಮೊಬೈಲಿನಲ್ಲೇ ಬರುತ್ತದೆ. ಹೋದ ತಿಂಗಳು ಬೆಂಗಳೂರಿನ ಒಂದು ಕಂಪನಿಯವರು ಬಂದು, ನೋಡಿ, ಫೋಟೊ ಹೊಡೆದುಕೊಂಡು ಹೋದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ಇನ್ನೊಬ್ಬರು ಫೋನ್ ಮಾಡಿ "ಪೇಟೆಂಟ್ ಗ್ಯಾರಂಟಿ, ಅರವತ್ತು ಸಾವಿರ ಕೊಡಿ" ಎನ್ನುತ್ತಿದ್ದಾರೆ. ಕೊಡಲಾ?

ಉತ್ತರ:

ಕೊಡಬೇಡಿ ಸರ್. ಪೇಟೆಂಟ್ ಕೊಡುವುದು ಸರ್ಕಾರದ ಕಚೇರಿ. ಅದಕ್ಕೆ ಗ್ಯಾರಂಟಿ ಕೊಡಲು ನನ್ನಿಂದಲೂ ಆಗದು, ಅವರಿಂದಲೂ ಆಗದು.

ಇನ್ನು ನಿಮ್ಮ ಸಾಫ್ಟ್‌ವೇರ್. ನೀವು ಇಲ್ಲಿ ಬರೆದಿರುವ ಹಾಗೆಯೇ ಅರ್ಜಿ ಹಾಕಿದರೆ ಬಿದ್ದುಹೋಗುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3, ಯಾವುದನ್ನೆಲ್ಲ ಆವಿಷ್ಕಾರ ಎಂದು ಒಪ್ಪುವುದಿಲ್ಲ ಎನ್ನುವ ಪಟ್ಟಿ. ಅದರ (ಕೆ) ಭಾಗದಲ್ಲಿ ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೇ' ಮತ್ತು ಆಲ್ಗೊರಿದಂ (ಲೆಕ್ಕ ಬಿಡಿಸುವ ಹಂತಗಳ ಕ್ರಮ) ಬರುತ್ತವೆ. 'ಪರ್ ಸೇ' ಎಂದರೆ ಬರೀ ಪ್ರೋಗ್ರಾಂ, ಅದರಾಚೆ ಏನೂ ಇಲ್ಲ ಎಂದು. 2002ರ ತಿದ್ದುಪಡಿಯಲ್ಲಿ ಸೇರಿದ ಈ ಪುಟ್ಟ ಮಾತಿನ ಮೇಲೆ ಇಪ್ಪತ್ತು ವರ್ಷದಿಂದ ಎಷ್ಟೋ ವಕೀಲರ ಸಂಸಾರ ನಡೆಯುತ್ತಿದೆ. ನನ್ನದೂ ಸೇರಿ.

ಈಗ ನಿಮ್ಮ ಪಟ್ಟಿ ನೋಡಿ. ಬಾಡಿಗೆ ಲೆಕ್ಕ, ಸಾಲದ ಲೆಕ್ಕ ವ್ಯಾಪಾರದ ವಿಧಾನವಾಯಿತು. ಮೊದಲು ಬಂದದ್ದು ಮೊದಲು ಹೋಗಲಿ ಎನ್ನುವುದು ನಿಮ್ಮ ಮೇಸ್ತ್ರಿ ತಲೆಯಲ್ಲೇ ಮಾಡುತ್ತಿದ್ದ ಕೆಲಸ. ಮೊಬೈಲಿನಲ್ಲಿ ಚೆಂದವಾಗಿ ತೋರಿಸುವುದಕ್ಕೆ ಇದೇ ಸೆಕ್ಷನ್ನಿನ (ಎನ್) ಭಾಗ ಅಡ್ಡ ಬರುತ್ತದೆ. ಮಾಹಿತಿ ತೋರಿಸುವ ರೀತಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ ಅದು. ಪುಸ್ತಕದಲ್ಲಿದ್ದದ್ದನ್ನು ಕಂಪ್ಯೂಟರಿಗೆ ತಂದೆವು ಎಂದಷ್ಟೇ ಹೇಳಿದರೆ ಕಚೇರಿಯವರು ಕಣ್ಣೆತ್ತಿಯೂ ನೋಡುವುದಿಲ್ಲ.

ವ್ಯಾಪಾರದ ವಿಧಾನಕ್ಕಂತೂ ಆ 'ಪರ್ ಸೇ' ರಿಯಾಯಿತಿಯೂ ಇಲ್ಲ. 2023ರ ಮೇ ತಿಂಗಳಲ್ಲಿ ಓಪನ್ ಟಿವಿ ಎನ್ನುವ ಕಂಪನಿಯ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಅವರದು ಹಾಡು, ವಿಡಿಯೊ ಥರದ್ದನ್ನು ಆನ್‌ಲೈನಿನಲ್ಲಿ ಗಿಫ್ಟ್ ಕಳಿಸುವ ವ್ಯವಸ್ಥೆ. ಈ (ಕೆ) ಭಾಗವನ್ನು ಮತ್ತೊಮ್ಮೆ ನೋಡುವ ಅಗತ್ಯ ಇದೆ ಎಂದು ಕೋರ್ಟೇ ಬರೆಯಿತು. ಆದರೆ ಕಾಯ್ದೆ ಇರುವ ತನಕ ಇದೇ ಎಂದು ಅಪೀಲು ವಜಾ ಮಾಡಿತು.

ಆದರೂ ಒಂದು ಕೇಳಬೇಕು. ಚಳಿ, ತೇವ, ಕಬ್ಬಿಣದ ರ‍್ಯಾಕ್ ಇರುವ ಕಡೆ ಆರ್‌ಎಫ್‌ಐಡಿ ಅಷ್ಟು ಸಲೀಸಾಗಿ ಕೆಲಸ ಮಾಡುವುದಿಲ್ಲ. ಹುಡುಗರಿಗೆ ಅಲ್ಲಿ ಏನು ಕಷ್ಟ ಬಂತು? ಹೇಗೆ ಸರಿ ಮಾಡಿದರು? ಅವರೇ ಬರೆಯಲಿ.

ಮಾಲೀಕರ ಅಕ್ಕನ ಮಗ:

ಮೇಡಂ, ಕಷ್ಟ ಒಂದೆರಡಲ್ಲ. ಈ ಟ್ಯಾಗ್‌ಗಳು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ನೀರು ಸಿಗ್ನಲ್ ಹೀರಿಕೊಳ್ಳುತ್ತದೆ, ಕಬ್ಬಿಣ ವಾಪಸ್ ಎಸೆಯುತ್ತದೆ. ಒಂದು ರ‍್ಯಾಕಿನಲ್ಲಿ 48 ಬಾಕ್ಸ್ ಇದ್ದರೆ ರೀಡರ್, ಅಂದರೆ ಟ್ಯಾಗ್ ಓದುವ ಯಂತ್ರ, 61 ತೋರಿಸುತ್ತಿತ್ತು, ಪಕ್ಕದ ರ‍್ಯಾಕಿನದೂ ಸೇರಿಸಿಕೊಂಡು. ಲೋಡಿಂಗ್‌ಗೆ ಬಾಗಿಲು ತೆಗೆದರೆ ಹೊರಗಿನ ಗಾಳಿ ನುಗ್ಗಿ ಬಾಕ್ಸ್ ಮೇಲೆಲ್ಲ ನೀರಹನಿ. ಆಗ ಅದೇ ರ‍್ಯಾಕ್ 35 ತೋರಿಸುತ್ತಿತ್ತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ರ‍್ಯಾಕಿನ ಕಂಬಗಳಿಗೆ ಕಾಯಂ ಟ್ಯಾಗ್ ಹಾಕಿದೆವು. ಅವು ಎಲ್ಲಿವೆ ಎಂದು ನಮಗೆ ಗೊತ್ತಿರುತ್ತದೆ ಅಲ್ವಾ. ಬಾಗಿಲಿಗೆ ಒಂದು ಸೆನ್ಸರ್, ಒಳಗೆ ತೇವ ಅಳೆಯುವ ಸೆನ್ಸರ್. ಬಾಗಿಲು ಎಷ್ಟು ಹೊತ್ತು ತೆರೆದಿತ್ತು, ಕಂಬದ ಟ್ಯಾಗಿನ ಸಿಗ್ನಲ್ ಎಷ್ಟು ಇಳಿದಿದೆ ಎಂದು ನೋಡಿಕೊಂಡು ರೀಡರಿನ ಪವರ್ ಅನ್ನು ಒಂದೊಂದು ರ‍್ಯಾಕಿಗೂ ಬೇರೆ ಬೇರೆ ಇಡುತ್ತೇವೆ. ಈಗ 48ಕ್ಕೆ 48 ಬರುತ್ತದೆ, ಕೆಟ್ಟ ದಿನ 47. ಆದರೆ ಇದು ಸಣ್ಣ ಕೋಡ್ ಮೇಡಂ. ಜಾಸ್ತಿ ಬೆವರು ಸುರಿಸಿದ್ದು ಮೊಬೈಲಿನಲ್ಲಿ ಎಲ್ಲ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡಿಗೆ.

ಉತ್ತರ:

ನಿಮ್ಮ ತಕ್ಕಡಿ ತಲೆಕೆಳಗಾಗಿದೆಯಪ್ಪ. ಆ ಸಣ್ಣ ಕೋಡೇ ತಿರುಳು, ಡ್ಯಾಶ್‌ಬೋರ್ಡ್ ಬರೀ ಸಿಪ್ಪೆ.

ಕಚೇರಿ ಕೇಳುವುದು ಒಂದೇ ಪ್ರಶ್ನೆ: ಈ ಪ್ರೋಗ್ರಾಂನಿಂದ ತಾಂತ್ರಿಕವಾಗಿ ಏನು ಬದಲಾಯಿತು? 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಎನ್ನುವವರ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ಇದನ್ನೇ. ಕಂಪ್ಯೂಟರ್ ಪ್ರೋಗ್ರಾಂ ಇದೆ ಎಂದ ಮಾತ್ರಕ್ಕೆ ತಳ್ಳಬೇಡಿ, ತಾಂತ್ರಿಕ ಪರಿಣಾಮ ಇದ್ದರೆ ನೋಡಿ ಎಂದಿತು. ಅವರ ಅರ್ಜಿ ಇಲ್ಲಿ ಸಲ್ಲಿಕೆಯಾದದ್ದು 2002ರಲ್ಲಿ. ಪೇಟೆಂಟಿನ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ. ಗೆದ್ದಾಗ ಅವರಿಗೆ ಉಳಿದದ್ದು ತೀರಾ ಸ್ವಲ್ಪ.

ಒಂದು ಕಾಲಕ್ಕೆ ಇನ್ನೂ ಬಿಗಿ ಇತ್ತು. ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿ ಪ್ರಕಾರ ಪ್ರೋಗ್ರಾಂ ಜೊತೆ ಹಾರ್ಡ್‌ವೇರೂ ಹೊಸದಿರಬೇಕಿತ್ತು. ಹಾಗಿದ್ದರೆ ನಿಮ್ಮದು ಅಲ್ಲಿಗೇ ಮುಗಿಯುತ್ತಿತ್ತು. ಅಂಗಡಿಯಲ್ಲಿ ಸಿಗುವ ರೀಡರ್, ಅಂಗಡಿಯಲ್ಲಿ ಸಿಗುವ ಟ್ಯಾಗ್ ತಾನೇ? 2017ರಲ್ಲಿ ಆ ಷರತ್ತು ತೆಗೆದರು. 2025ರ ಜುಲೈನಲ್ಲಿ ಮತ್ತೆ ಹೊಸ ಮಾರ್ಗಸೂಚಿ ಬಂತು. ಅದರಲ್ಲೂ ಒತ್ತು ತಾಂತ್ರಿಕ ಪರಿಣಾಮದ ಮೇಲೇ ಇದೆ.

ನಮ್ಮ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ತಿರಸ್ಕಾರವಾದರೆ ಅಪೀಲು ಮದ್ರಾಸ್ ಹೈಕೋರ್ಟಿಗೆ. ಅದೇ ಕೋರ್ಟು 2023ರ ಡಿಸೆಂಬರಿನಲ್ಲಿ ಪ್ರಿಯಾ ರಾಂಡಾಲ್ಫ್ ಕೇಸಿನಲ್ಲಿ, ವ್ಯಾಪಾರದ ವಹಿವಾಟಿಗೆ ಬಳಸುತ್ತಾರೆ ಎಂದ ಕೂಡಲೇ ಅದು ವ್ಯಾಪಾರದ ವಿಧಾನ ಆಗಿಬಿಡುವುದಿಲ್ಲ, ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಸೇರಿ ಏನು ಮಾಡುತ್ತಿವೆ ಎಂದು ನೋಡಬೇಕು ಎಂದು ತೀರ್ಪು ಕೊಟ್ಟಿತು. ಗೋಡೌನಿನವರಿಗೆ ಇದು ಬಲು ಉಪಯೋಗದ ತೀರ್ಪು.

ಹಾಗಾಗಿ ಬರೆಯುವುದರಲ್ಲೇ ಅರ್ಧ ಯುದ್ಧ. "ಗೋಡೌನಿನ ಸರಕನ್ನು ಟ್ಯಾಗ್ ಮೂಲಕ ಗುರುತಿಸಿ ಯಾವುದು ಮೊದಲು ಹೋಗಬೇಕೆಂದು ತೀರ್ಮಾನಿಸುವ ವ್ಯವಸ್ಥೆ" ಎಂದು ಬರೆದರೆ ಸೆಕ್ಷನ್ 3(ಕೆ) ಆಕ್ಷೇಪ ಕಟ್ಟಿಟ್ಟ ಬುತ್ತಿ. "ಶೀತಲ ಕೋಣೆಯ ಬಾಗಿಲು ತೆರೆದಿದ್ದ ಸಮಯ, ಒಳಗಿನ ತೇವ ಮತ್ತು ಸ್ಥಿರ ಟ್ಯಾಗಿನ ಸಿಗ್ನಲ್ ಕುಸಿತವನ್ನು ಆಧರಿಸಿ ರೀಡರಿನ ಪವರ್ ಬದಲಿಸಿ ತಪ್ಪು ಓದುವಿಕೆ ತಗ್ಗಿಸುವ ವ್ಯವಸ್ಥೆ" ಎಂದರೆ ಮಾತು ಬೇರೆ. ಅಲ್ಲಿ ಯಂತ್ರದ ನಡವಳಿಕೆ ಬದಲಾಗುತ್ತಿದೆ. ಬಾಡಿಗೆ, ಸಾಲ, ಲಾಟ್ ಯಾವುದನ್ನೂ ಹಕ್ಕಿನ ಭಾಗದಲ್ಲಿ, ಅಂದರೆ ಯಾವುದಕ್ಕೆ ಹಕ್ಕು ಬೇಕು ಎಂದು ಬರೆಯುವ ಕಡೆ, ತರಬೇಡಿ. ನಾನೇ ಹಿಂದೊಮ್ಮೆ ಒಬ್ಬರಿಗೆ ಬರೆದ ಅರ್ಜಿಯಲ್ಲಿ ಬಿಲ್ಲಿಂಗ್ ಭಾಗವನ್ನೂ ಆಸೆಗೆ ಬಿದ್ದು ಸೇರಿಸಿದ್ದೆ. ಪರೀಕ್ಷಕರು ಅದನ್ನೇ ಹಿಡಿದುಕೊಂಡರು.

ಜೊತೆಗೆ ಅಂಕಿ ಬೇಕು. 48 ಇದ್ದದ್ದು 61 ಆಗಿತ್ತು, 35 ಆಗಿತ್ತು, ಈಗ 48 ಎಂದಿರಲ್ಲ, ಅದನ್ನು ತಾರೀಖು ಸಮೇತ ಕೋಷ್ಟಕ ಮಾಡಿ. ನುಣ್ಣನೆ ಹೊಗಳಿಕೆಗಿಂತ ಅಂಥ ಒಂದು ಪುಟ ಮೇಲು.

ತಣ್ಣೀರೂ ಸ್ವಲ್ಪ ಎರಚಬೇಕು. 3(ಕೆ) ದಾಟುವುದು ಮೊದಲ ಬಾಗಿಲು ಅಷ್ಟೇ. ಹೊಸತನ ಮತ್ತು ಈ ಕಸುಬು ಬಲ್ಲವನಿಗೆ ಸುಲಭವಾಗಿ ಹೊಳೆಯದೇ ಇರುವುದು, ಎರಡೂ ಬೇಕು. ಜಾಗ ಗೊತ್ತಿರುವ ಟ್ಯಾಗನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಹಳೆಯ ಉಪಾಯ, ಇಪ್ಪತ್ತು ವರ್ಷದ ಹಿಂದಿನ ಸಂಶೋಧನಾ ಲೇಖನಗಳಲ್ಲೇ ಇದೆ. ನಿಮ್ಮದು ಏನಾದರೂ ಹೊಸದಿದ್ದರೆ ಅದು ಬಾಗಿಲು ಮತ್ತು ತೇವದ ಲೆಕ್ಕದಲ್ಲಿದೆ. ಗೂಗಲ್ ಪೇಟೆಂಟ್ಸ್‌ನಲ್ಲಿ ನಾಲ್ಕು ದಿನ ಕೂತು ಹುಡುಕಿ. ಅಲ್ಲೇ ಸಿಕ್ಕಿಬಿಟ್ಟರೆ ದುಡ್ಡು ಉಳಿಯಿತು.

ತಿಪಟೂರಿನ ಕೊಬ್ಬರಿ ವ್ಯಾಪಾರಿ:

ಮಧ್ಯೆ ಬಾಯಿ ಹಾಕುತ್ತೇನೆ ಮೇಡಂ. ನನ್ನ ಭಾಮೈದ ನ್ಯೂಜೆರ್ಸಿಯಲ್ಲಿದ್ದಾನೆ. ಅಮೆರಿಕದಲ್ಲಿ ಸಾಫ್ಟ್‌ವೇರಿಗೆಲ್ಲ ಪೇಟೆಂಟ್ ಕೊಡುತ್ತಾರೆ, ಅಲ್ಲೇ ಹಾಕಿಸಿ ಎನ್ನುತ್ತಾನೆ. ಹೌದಾ?

ಉತ್ತರ:

ನಿಮ್ಮ ಭಾಮೈದರ ಮಾತು 2014ಕ್ಕೆ ಮುಂಚಿನದು. ಆ ವರ್ಷ ಜೂನಿನಲ್ಲಿ ಆಲಿಸ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬರೀ ಆಲೋಚನೆಯೊಂದನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಓಡಿಸಿದರೆ ಪೇಟೆಂಟ್ ಇಲ್ಲ ಎಂದಿತು. ಅಲ್ಲಿಂದ ಸಾಫ್ಟ್‌ವೇರ್ ಪೇಟೆಂಟುಗಳು ಸಾಲುಸಾಲಾಗಿ ಉರುಳಿದವು. ನಮ್ಮ ಅಂತರಸನಹಳ್ಳಿಯವರಿಗೆ ಹತ್ತಿರದ ಕೇಸೂ ಒಂದಿದೆ. ಆಟೊಮೇಟೆಡ್ ಟ್ರ್ಯಾಕಿಂಗ್ ಸೊಲ್ಯೂಷನ್ಸ್ ಎನ್ನುವ ಕಂಪನಿ ಆರ್‌ಎಫ್‌ಐಡಿಯಿಂದ ವಸ್ತುಗಳ ಜಾಡು ಹಿಡಿಯುವ ಪೇಟೆಂಟ್ ಇಟ್ಟುಕೊಂಡು ಕೋಕ-ಕೋಲಾ ಮೇಲೆ ದಾವೆ ಹೂಡಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ಸರ್ಕ್ಯೂಟ್ ಕೋರ್ಟು ಆ ಪೇಟೆಂಟುಗಳೇ ನಿಲ್ಲುವುದಿಲ್ಲ ಎಂದಿತು. ಟ್ಯಾಗ್, ಆಂಟೆನಾ, ರೀಡರ್ ಎಲ್ಲ ಮಾಮೂಲಿ, ಮಾಡಿದ್ದು ಮಾಹಿತಿ ಕೂಡಿಸಿ ನೋಡಿದ್ದು ಅಷ್ಟೇ ಎಂದು. ಕೊಟ್ಟ ಪೇಟೆಂಟೂ ಕೋರ್ಟಿನಲ್ಲಿ ಬೀಳುತ್ತದೆ, ತಿಳಿಯಿತಲ್ಲ. ನಮ್ಮಲ್ಲೂ ಸೆಕ್ಷನ್ 64ರಡಿ ರದ್ದು ಮಾಡಿಸಬಹುದು.

ಇನ್ನೊಂದು ಮಾತು. ಇಲ್ಲಿ ವಾಸವಿರುವವರು ಇಲ್ಲಿ ಅರ್ಜಿ ಹಾಕದೆ ಸೀದಾ ಅಮೆರಿಕಕ್ಕೆ ಹೋಗುವ ಹಾಗಿಲ್ಲ. ಸೆಕ್ಷನ್ 39 ಪ್ರಕಾರ ಮೊದಲು ಇಲ್ಲಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು. ತಪ್ಪಿದರೆ ಶಿಕ್ಷೆಯೂ ಇದೆ.

ಅಕ್ಕನ ಮಗ:

ಮೇಡಂ, ಒಂದು ತಪ್ಪಾಗಿದೆ ಅನಿಸುತ್ತಿದೆ. ಮೂರು ವಾರದ ಹಿಂದೆ ಯೂಟ್ಯೂಬಿಗೆ ವಿಡಿಯೊ ಹಾಕಿದ್ದೇನೆ. ಆ ಕಂಪನಿಯವರಿಗೂ ತೋರಿಸಿದ್ದೆ.

ಉತ್ತರ:

ಅಯ್ಯೋ ರಾಮ. ವಿಡಿಯೊದಲ್ಲಿ ಏನೇನು ಹೇಳಿದ್ದೀರಿ? ಕಂಬದ ಟ್ಯಾಗು, ಪವರ್ ಬದಲಿಸುವುದು?

ಅಕ್ಕನ ಮಗ:

ಇಲ್ಲ ಮೇಡಂ. ಡ್ಯಾಶ್‌ಬೋರ್ಡ್, ಹಿಂದೆ ಒಂದು ಹಾಡು. ಕಂಪನಿಯವರಿಗೂ ಅಷ್ಟೇ. ಕಂಬದ ಟ್ಯಾಗ್ ಅವರ ಕಣ್ಣಿಗೇ ಬೀಳಲಿಲ್ಲ.

ಉತ್ತರ:

ಹಾಡು ಉಳಿಸಿತು ನಿಮ್ಮನ್ನು. ನಮ್ಮ ಕಾಯ್ದೆಯಲ್ಲಿ, ಅರ್ಜಿಗೆ ಮೊದಲು ನೀವೇ ಗುಟ್ಟು ಹೊರಹಾಕಿದರೂ ಹೊಸತನ ಹೋಯಿತು ಎಂದೇ ಲೆಕ್ಕ. ಸರ್ಕಾರ ಗುರುತಿಸಿದ ಪ್ರದರ್ಶನ, ಅಗತ್ಯಕ್ಕೆ ತಕ್ಕ ಪ್ರಯೋಗ, ಹೀಗೆ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಅದನ್ನು ನಂಬಿಕೊಂಡು ಕೂರಬೇಡಿ. ವಿಡಿಯೊ ಅಳಿಸಿದರೆ ಏನೂ ಬದಲಾಗದು, ಇರಲಿ ಬಿಡಿ. ಆದರೆ ಎರಡನೇ ಭಾಗ ಹಾಕಬೇಡಿ. ಇನ್ನು ಮುಂದೆ ಯಾರಾದರೂ ಒಳಗೆ ಬಂದರೆ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡೇ ಬಾಗಿಲು ತೆಗೆಯಿರಿ.

ಮೊದಲು ತಾತ್ಕಾಲಿಕ ವಿವರಣೆ (ಆವಿಷ್ಕಾರದ ಮೊದಲ ಕರಡು) ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಿ. ಪೂರ್ತಿ ವಿವರಣೆಗೆ 12 ತಿಂಗಳು ಸಿಗುತ್ತದೆ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಕಚೇರಿಯವರು ಅರ್ಜಿ ಪರೀಕ್ಷಿಸಲು 4,000. ಏಜೆಂಟ್ ಫೀಸು ಬೇರೆ. ಪರೀಕ್ಷೆ ಕೋರಿಕೆಯನ್ನು 31 ತಿಂಗಳೊಳಗೆ ಕೊಡಬೇಕು, 2024ರ ಮಾರ್ಚಿಗೆ ಮುಂಚೆ 48 ಇತ್ತು. ಆಕ್ಷೇಪದ ವರದಿ ಬಂದರೆ ಉತ್ತರಿಸಲು ಆರು ತಿಂಗಳು.

ಆ ಅರವತ್ತು ಸಾವಿರದವರ ಗ್ಯಾರಂಟಿಯ ಗುಟ್ಟೂ ಇಲ್ಲೇ ಇರಬಹುದು. ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ, ಶುಲ್ಕ ಕಟ್ಟಿದರೆ ಬೇಗವೂ ಆಗುತ್ತದೆ. ಆ ಪ್ರಕಟಣೆಯನ್ನೇ ಚೌಕಟ್ಟು ಹಾಕಿಸಿ "ಪೇಟೆಂಟ್ ಬಂತು" ಎಂದು ಗೋಡೆಗೆ ತಗುಲಿಸುವವರು ಇದ್ದಾರೆ. ಅದು ಪೇಟೆಂಟ್ ಅಲ್ಲ, ಅರ್ಜಿಯ ಸುದ್ದಿ.

ಮಾಲೀಕರು:

ಮೇಡಂ, ಹಾಗಾದರೆ ಡ್ಯಾಶ್‌ಬೋರ್ಡ್ ಯಾರು ಬೇಕಾದರೂ ಕದಿಯಬಹುದಾ?

ಉತ್ತರ:

ಇಲ್ಲ ಸರ್, ಅದಕ್ಕೆ ಕಾಪಿರೈಟ್ ಇದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಕತೆ ಕವನದ ಪಕ್ಕದಲ್ಲೇ ನಿಮ್ಮ ಹುಣಸೆ ಲೆಕ್ಕ! ಕೋಡನ್ನು ನಕಲು ಮಾಡಿದರೆ ತಡೆಯಬಹುದು. ಅದೇ ಯೋಚನೆಯನ್ನು ಬೇರೆ ಕೋಡಿನಲ್ಲಿ ತಾವೇ ಬರೆದರೆ ತಡೆಯಲು ಆಗದು.

ಆದರೆ ನನಗೆ ಆ ಬೆಂಗಳೂರು ಕಂಪನಿಗಿಂತ ಜಾಸ್ತಿ ಚಿಂತೆ ಇನ್ನೊಂದರದು. ಕೋಡ್ ಬರೆದ ಸ್ನೇಹಿತರು ನಿಮ್ಮ ಸಂಬಳದವರಾ? ಏನಾದರೂ ಬರೆದುಕೊಂಡಿದ್ದೀರಾ?

ಮಾಲೀಕರು:

ಸಂಬಳ ಇಲ್ಲ ಮೇಡಂ. ಮನೆ ಹುಡುಗರ ಹಾಗೆ. ಹಬ್ಬಕ್ಕೆ ಇಪ್ಪತ್ತೈದು ಸಾವಿರ ಕೈಗೆ ಕೊಟ್ಟೆ. ಇಬ್ಬರಿಗೂ.

ಉತ್ತರ:

ಹಾಗಾದರೆ ಇವತ್ತಿನ ಲೆಕ್ಕದಲ್ಲಿ ಕೋಡು ನಿಮ್ಮದಲ್ಲ ಸರ್, ಆ ಇಬ್ಬರದು. ಕೆಲಸದಲ್ಲಿರುವವರು ಕೆಲಸದ ಭಾಗವಾಗಿ ಬರೆದರೆ ಮಾಲೀಕರಿಗೆ ಸೇರುತ್ತದೆ. ಹೊರಗಿನವರು ಬರೆದದ್ದು ಲಿಖಿತ ವರ್ಗಾವಣೆ ಇಲ್ಲದೆ ನಿಮಗೆ ಬರುವುದಿಲ್ಲ. ಪೇಟೆಂಟ್ ಅರ್ಜಿಯಲ್ಲೂ ಸಂಶೋಧಕರು ಎಂದು ಆ ಇಬ್ಬರ ಹೆಸರೇ ಬರಬೇಕು, ಅವರು ನಿಮಗೆ ಹಕ್ಕು ಬರೆದುಕೊಟ್ಟರೆ ಮಾತ್ರ ನೀವು ಅರ್ಜಿದಾರರು. ಮೂವರೂ ನಗುನಗುತ್ತಾ ಇರುವಾಗಲೇ ಕೂತು ಪಾಲು ಎಷ್ಟು ಎಂದು ಬರೆದುಕೊಳ್ಳಿ. ಮಾವ ಎನ್ನುವ ಸಲಿಗೆಗೆ ಬಿಡಬೇಡಿ. ಸ್ನೇಹಿತರಿಗೆ ನಾಳೆ ಬೆಂಗಳೂರಿನಿಂದಲೇ ಕೆಲಸದ ಕರೆ ಬಂದರೆ?

ಅಕ್ಕನ ಮಗ:

ಮೇಡಂ... ಅದೇ ಕಂಪನಿಯಿಂದ ಹೋದ ವಾರ ಅವನಿಗೆ ಫೋನ್ ಬಂದಿತ್ತು. ಮಾವನಿಗೆ ಹೇಳಿರಲಿಲ್ಲ.

ಉತ್ತರ:

ಈ ಶನಿವಾರ ಮೂವರೂ ನನ್ನ ಆಫೀಸಿಗೆ ಬನ್ನಿ. ಹಳೆಯ ರೀಡಿಂಗ್‌ಗಳು ವಾಟ್ಸಾಪಿನಲ್ಲಿದ್ದರೆ ಇವತ್ತೇ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ಸ್ಟಾಂಪ್ ಪೇಪರ್ ನಾನೇ ತರಿಸುತ್ತೇನೆ.