ಹಳ್ಳದ ನೀರು ತಿಳಿಯಾಗಿದ್ದರೂ ಕಲ್ಲಿನಡಿಯ ಹುಳುಗಳು ಏಕಿಲ್ಲ?

ಪ್ರಶ್ನೆ (ಬೆಳೆಗಾರ, ಮೂಡಿಗೆರೆ):
ನಮ್ಮ ಕಾಫಿ ತೋಟದ ಅಂಚಿನಲ್ಲಿ ಹರಿದು ಮುಂದೆ ಹೇಮಾವತಿಯನ್ನು ಸೇರುವ ಹಳ್ಳದಲ್ಲಿ, ಹಿಡಿಗಾತ್ರದ ಕಲ್ಲೊಂದನ್ನು ಮಗುಚಿದರೆ ಮೂರು ಬಾಲದ ಚಪ್ಪಟೆ ಹುಳುಗಳು ಸರಸರನೆ ಆಚೆ ಮಗ್ಗುಲಿಗೆ ಸರಿಯುವುದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಎರಡು ಮಳೆಗಾಲದ ಹಿಂದೆ ಮೇಲಿನ ಗುಡ್ಡದಲ್ಲಿ ಜೆಸಿಬಿಯಿಂದ ರಸ್ತೆ ಕಡಿದ ಮೇಲೆ ಹಳ್ಳದ ತಳದಲ್ಲಿ ಕೆಮ್ಮಣ್ಣಿನ ಹೂಳು ಕೂತಿದೆ. ಬೇಸಿಗೆಯಲ್ಲಿ ನೀರು ತಿಳಿಯಾಗಿಯೇ ಇರುತ್ತದೆ, ಆದರೆ ಆ ಹುಳುಗಳಿಲ್ಲ. ಹೂಳಿನಲ್ಲಿ ಸಣ್ಣ ಕೆಂಪು ಹುಳುಗಳು ಮಾತ್ರ ಇವೆ. ಕಾರಣ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ):
ತಾವು ನೋಡುತ್ತಿದ್ದುದು ಮೇಫ್ಲೈ ಎಂಬ ಕೀಟದ ಮರಿಗಳು. ಅವು ಬದುಕುವುದು ಕಲ್ಲುಗಳ ನಡುವಿನ ಸಂದುಗಳಲ್ಲಿ. ಆ ಸಂದುಗಳ ಮೂಲಕ ಸದಾ ಹರಿಯುವ ನೀರೇ ಅವುಗಳಿಗೆ ಆಮ್ಲಜನಕವನ್ನು ಒದಗಿಸುತ್ತದೆ. 2 ಮಿಲಿಮೀಟರಿಗಿಂತ ಸಣ್ಣ ಕಣಗಳು ಸಂದುಗಳಲ್ಲಿ ತುಂಬಿಕೊಂಡರೆ ಅಡಗಲು ಜಾಗವೂ ಉಳಿಯುವುದಿಲ್ಲ, ಒಳಗೆ ನೀರಿನ ಓಡಾಟವೂ ಇರುವುದಿಲ್ಲ. ಹೊಟ್ಟೆಯ ಇಕ್ಕೆಲದಲ್ಲಿರುವ ಎಲೆಯಂಥ ಕಿವಿರುಗಳಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಅವು ಕೆರೆದು ತಿನ್ನುವ ಪಾಚಿಯೂ ಹೂಳಿನಡಿ ಸೇರುತ್ತದೆ. ಇಂಥ ಸಂದರ್ಭದಲ್ಲಿ ಬಹಳಷ್ಟು ಮರಿಗಳು ಕಲ್ಲಿನ ಹಿಡಿತವನ್ನು ಬಿಟ್ಟು ನೀರಿನೊಡನೆ ಕೆಳಕ್ಕೆ ತೇಲಿಹೋಗುತ್ತವೆ. ಕೆಂಪು ಹುಳುಗಳು ಬಹುಶಃ ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಿಡ್ ಎಂಬ ಕೀಟದ ಮರಿಗಳು. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅವು ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಬಾಳುತ್ತವೆ. ಮೇಫ್ಲೈಗಳಲ್ಲೂ ಕೀನಿಡೇ ಎಂಬ ಕುಟುಂಬವೊಂದು ಹೂಳನ್ನು ಸಹಿಸುತ್ತದೆ, ಏಕೆಂದರೆ ಅದರ ಕಿವಿರುಗಳ ಮೇಲೆ ಮುಚ್ಚಳದಂಥ ರಚನೆಯಿದೆ. ಅರ್ಧ ಹೂತ ಕಲ್ಲೊಂದನ್ನು ಕಿತ್ತು ನೋಡಿ: ಅಡಿಭಾಗ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ತಲುಪುತ್ತಿಲ್ಲವೆಂದು ತಿಳಿಯಬಹುದು.

ಉತ್ತರ (ಸಕಲೇಶಪುರ):
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮರಳು ಕಂಡಲ್ಲೆಲ್ಲ ಹಾನಿಯೆಂದು ಭಾವಿಸಬಾರದು. ನೀರಿನಲ್ಲಿ ಬೆಳೆಯುವ ಕ್ಯಾಡಿಸ್ ಎಂಬ ಕೀಟದ ಮರಿಗಳಲ್ಲಿ ಕೆಲವು ಮರಳಿನ ಕಾಳುಗಳನ್ನೇ ರೇಷ್ಮೆಯಂಥ ನೂಲಿನಿಂದ ಅಂಟಿಸಿ ಗೂಡು ಕಟ್ಟಿಕೊಳ್ಳುತ್ತವೆ. ಕಲ್ಲು, ಜಲ್ಲಿ, ಮರಳು ಬೆರೆತಿರುವ ತಳದಲ್ಲಿ ಹೆಚ್ಚು ಬಗೆಯ ಜೀವಿಗಳಿರುತ್ತವೆ, ಎಲ್ಲವನ್ನೂ ಒಂದೇ ಸಮನೆ ಮುಚ್ಚುವ ನುಣ್ಣನೆಯ ಹೂಳೇ ತೊಂದರೆ. ಹೂಳೆತ್ತಲು ಯಂತ್ರವನ್ನು ಮಾತ್ರ ಹಳ್ಳಕ್ಕಿಳಿಸಬೇಡಿ. ಉಳಿದಿರುವ ಕಲ್ಲುತಳವೂ ಕದಡಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಇಂದು ಬೆಳಿಗ್ಗೆ ಕಲ್ಲು ಕಿತ್ತು ನೋಡಿದೆ. ಅಡಿಭಾಗ ಮಸಿ ಬಳಿದಂತಿತ್ತು, ವಾಸನೆಯೂ ಇತ್ತು. ಆದರೆ ರಸ್ತೆಗಿಂತ ಮೇಲೆ, ಹೂಳು ಬಾರದ ಕಡೆ, ಮೊದಲನೆಯ ಕಲ್ಲಿನಡಿಯಲ್ಲೇ ನಾಲ್ಕು ಮರಿಗಳು ಸಿಕ್ಕವು.

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ):
ಹಾಗಿದ್ದರೆ ಭರವಸೆಯಿದೆ. ಮರಿಗಳು ಮೇಲಿನಿಂದ ತೇಲಿಬಂದು ನೆಲೆಯೂರಬಲ್ಲವು, ಆದರೆ ಅದಕ್ಕೆ ಮೊದಲು ಹೊಸ ಮಣ್ಣು ಬರುವುದು ನಿಲ್ಲಬೇಕು. ಮುಂಗಾರಿಗೆ ಮುನ್ನ ರಸ್ತೆಯಂಚಿನ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿಗಳನ್ನು (ಹರಿದುಬರುವ ನೀರನ್ನೂ ಮಣ್ಣನ್ನೂ ತಡೆಯುವ ಉದ್ದನೆಯ ಗುಂಡಿಗಳು) ತೆಗೆಸಿ, ಗುಡ್ಡ ಕಡಿದ ಬರೆಯ ಮೇಲೆ ಹುಲ್ಲು ಹಿಡಿಯುವಂತೆ ನೋಡಿಕೊಳ್ಳಿ.