ಸಹಾಯ ಬೇಕು: ಅವ್ವನ ವಿಡಿಯೋದಲ್ಲಿ ಪಹಣಿ ವಿಷಯ ಎಲ್ಲಿ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಅಫಜಲಪುರ ತಾಲ್ಲೂಕು, ಭೀಮಾ ದಂಡೆಯ ಊರು. 2020ರ ಅಕ್ಟೋಬರ್‌ನಲ್ಲಿ ಮಳೆಯೂ ಜಾಸ್ತಿ, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರೂ ಬಿಟ್ಟರಲ್ಲ, ಆಗ ನಾವು ಬೇರೆಯವರ ಹೊಲದಲ್ಲಿ ಪಾಲಿಗೆ ಮಾಡಿದ್ದ ತೊಗರಿ ಪೂರ್ತಿ ಹೋಯಿತು. ಬೆಳೆ ಪರಿಹಾರ ಪಹಣಿಯಲ್ಲಿ, ಅಂದರೆ ಹೊಲದ ಸರ್ಕಾರಿ ದಾಖಲೆಯಲ್ಲಿ, ಹೆಸರಿದ್ದವರಿಗೆ ಬಂತು. ಬೀಜ, ಗೊಬ್ಬರಕ್ಕೆ ಸಾಲ ಮಾಡಿದ ನಮಗೆ ಏನೂ ಇಲ್ಲ.

ಇದನ್ನೇ ಅವ್ವನ ದನಿ, ಹಳೇ ಫೋಟೋ ಸೇರಿಸಿ ಮೂರು ನಿಮಿಷದ ಡಿಜಿಟಲ್ ಕಥೆ ಮಾಡಿದ್ದೇನೆ. ಗ್ರಾಮಸಭೆಯಲ್ಲಿ ತೋರಿಸುವ ಆಸೆ. ದನಿ ಮೊಬೈಲ್‌ನಲ್ಲೇ ಚೆನ್ನಾಗಿ ಬಂದಿದೆ. "ತೊಗರಿ ನೀರಿಗೆ ಹೋಯ್ತು, ಸಾಲ ಮನ್ಯಾಗೇ ಉಳೀತು" ಅನ್ನುತ್ತಾಳೆ. ಅದರ ಮುಂದೆ ನನ್ನ ಮಾತೆಲ್ಲ ಸಪ್ಪೆ.

ತೊಡಕು ಇಲ್ಲೇ. ಪಹಣಿ ನಿಯಮವನ್ನು ನನ್ನ ದನಿಯಲ್ಲಿ ವಿವರಿಸಿದರೆ ಸರ್ಕಾರಿ ಪ್ರಕಟಣೆ ಥರ ಕೇಳಿಸುತ್ತದೆ. ತೆರೆ ಮೇಲೆ ಅಕ್ಷರ ಹಾಕಿ ನೋಡಿದೆ, ಓದು ಬಾರದವರಿಗೆ ಮುಟ್ಟಲಿಲ್ಲ. ಸುಮ್ನೆ ಬಿಟ್ಟರೆ ನೋಡಿದವರು 'ಪಾಪ' ಅಂತಾರೆ, ಅಷ್ಟೇ. ಹೊಲದ ಮಾಲೀಕರೂ ನಮ್ಮೂರಿನವರೇ, ಅವರ ಮೇಲೆ ದೂರು ಅನ್ನಿಸಬಾರದು.

ಇಂಥ ವಿಡಿಯೋ ಮಾಡಿದವರು ಹೇಳಿ: ಪಹಣಿ ಮಾತನ್ನೂ ಅವ್ವನಿಂದಲೇ ಹೇಳಿಸಲಾ, ಇಲ್ಲಾ ವಿಡಿಯೋ ಮುಗಿದ ಮೇಲೆ ಸಭೆಯಲ್ಲಿ ನಾನೇ ಎದ್ದು ಹೇಳಲಾ?