ಅಪ್‌ಡೇಟ್: ಎರಡು ಕಂಪ್ಯೂಟರ್ ನಡುವೆ ಎಂಎಸ್‌ಜಿ ಕಮಾಂಡ್ ಕೆಲಸ ಮಾಡಿತು

ನಾನು ಕೇಳಿದ್ದು ಇಷ್ಟು: ಒಂದೇ ರೂಟರ್‌ಗೆ ಸೇರಿದ ಎರಡು ವಿಂಡೋಸ್ 10 ಪ್ರೊ ಕಂಪ್ಯೂಟರ್‌ಗಳ ನಡುವೆ ಎಂಎಸ್‌ಜಿ ಕಮಾಂಡ್‌ನಿಂದ (ಇನ್ನೊಂದು ಕಂಪ್ಯೂಟರ್‌ನ ಪರದೆಯಲ್ಲಿ ಸಂದೇಶ ತೋರಿಸುವ ವಿಂಡೋಸ್ ಆಜ್ಞೆ) ಸಂದೇಶ ಕಳಿಸಿದರೆ ಎರರ್ 1722, ಅಂದರೆ ಆ ಕಡೆಯ ಸೇವೆ ಸಿಗುತ್ತಿಲ್ಲ ಎಂದು ಬರುತ್ತಿತ್ತು. ಈಗ ಬಗೆಹರಿದಿದೆ, ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಬದಲಾವಣೆ ಮಾಡಬೇಕಾದ್ದು ಸಂದೇಶ ಪಡೆಯುವ ಕಂಪ್ಯೂಟರ್‌ನಲ್ಲಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟರ್ಮಿನಲ್ ಸರ್ವರ್ ತನಕ ಇಳಿದು, 'ಅಲೌ ರಿಮೋಟ್ ಆರ್‌ಪಿಸಿ' ಮೌಲ್ಯವನ್ನು 0 ಇಂದ 1 ಮಾಡಿ ರೀಸ್ಟಾರ್ಟ್ ಮಾಡಿ. ನೆಟ್‌ವರ್ಕ್ 'ಪ್ರೈವೇಟ್' ಆಗಿರಲಿ. ಫೈರ್‌ವಾಲ್‌ನಲ್ಲಿ ಫೈಲ್ ಮತ್ತು ಪ್ರಿಂಟರ್ ಶೇರಿಂಗ್‌ಗೆ ಅನುಮತಿ ಕೊಡಿ, ಅದರಿಂದ ಟಿಸಿಪಿ 445 ಪೋರ್ಟ್ (ನೆಟ್‌ವರ್ಕ್ ಸಂಪರ್ಕ ಒಳಬರುವ ದಾರಿ) ತೆರೆಯುತ್ತದೆ. ರೂಟರ್‌ನಲ್ಲಿ ಮಾತ್ರ ಆ ಪೋರ್ಟ್ ಇಂಟರ್ನೆಟ್‌ಗೆ ಖಂಡಿತ ತೆರೆಯಬೇಡಿ.

1722 ಹೋದ ಮೇಲೆ ಎರರ್ 5 ಬಂತು, ಅಂದರೆ ಅನುಮತಿ ಇಲ್ಲ. ಎರಡೂ ಕಡೆ ಒಂದೇ ಯೂಸರ್ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಾಗ ಸರಿಯಾಯಿತು. ಪಾಸ್‌ವರ್ಡ್ ಖಾಲಿ ಬಿಟ್ಟ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಪಿನ್ ಇದ್ದರೂ ಸಾಲದು.

ಕಮಾಂಡ್‌ನ ಕ್ರಮ: ಎಂಎಸ್‌ಜಿ, ನಕ್ಷತ್ರ ಚಿಹ್ನೆ (ಎಲ್ಲ ಬಳಕೆದಾರರಿಗೂ ಎಂದರ್ಥ), ಸ್ಲ್ಯಾಶ್ ಸರ್ವರ್ ಕೋಲನ್ ಜೊತೆ ಕಂಪ್ಯೂಟರ್ ಹೆಸರು, ಕೊನೆಗೆ ಸಂದೇಶ. ಸಂದೇಶದ ಪೆಟ್ಟಿಗೆ 60 ಸೆಕೆಂಡಿಗೆ ಮಾಯವಾಗುತ್ತದೆ. ಹೆಚ್ಚು ಹೊತ್ತು ಬೇಕಿದ್ದರೆ ಸ್ಲ್ಯಾಶ್ ಟೈಮ್ ಕೋಲನ್ 600 ಸೇರಿಸಿ. ಹೋಮ್ ಆವೃತ್ತಿಯಲ್ಲಿ ಈ ಕಮಾಂಡೇ ಇರುವುದಿಲ್ಲ.